ಮೈತ್ರಿಯ ಶ್ಲೇಷೆ: ಎರಡನೆಯ ಮಹಾಯುದ್ಧದ ಮಿತ್ರಕೂಟ ಮತ್ತು ಶೀತಲ ಸಮರದ ಚರಿತ್ರೆ ಬರವಣಿಗೆ

1. ಪ್ರಶ್ನೆಯ ಸ್ವರೂಪ

‘ಸೂಪರ್ ಪವರ್’ ಎಂಬ ಪದವನ್ನು ನಾವು ಸಾಮಾನ್ಯವಾಗಿ ಪೈಪೋಟಿಯ ಅರ್ಥದಲ್ಲಿಯೇ ಬಳಸುತ್ತೇವೆ. ಒಂದು ಮಹಾಶಕ್ತಿ ಎಂದೊಡನೆ ಅದಕ್ಕೆ ಎದುರಾಗಿ ನಿಂತ ಇನ್ನೊಂದು ಮಹಾಶಕ್ತಿಯ ಚಿತ್ರ ಮನಸ್ಸಿಗೆ ಬರುತ್ತದೆ. ಆದರೆ ಈ ಪದ ರಾಜ್ಯಶಾಸ್ತ್ರದ ಪರಿಭಾಷೆಯಲ್ಲಿ ನೆಲೆಗೊಂಡ ಸಂದರ್ಭವೇ ಬೇರೆ. ಅಮೆರಿಕದ ವಿದ್ವಾಂಸ ವಿಲಿಯಂ ಟಿ. ಆರ್. ಫಾಕ್ಸ್ 1944ರಲ್ಲಿ ‘ದ ಸೂಪರ್ ಪವರ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರ ಲೆಕ್ಕದಲ್ಲಿ ಮಹಾಶಕ್ತಿಗಳು ಮೂರು: ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ. ಈ ಮೂವರೂ ಆಗ ಒಂದೇ ಪಾಳೆಯದಲ್ಲಿದ್ದರು. ಯುದ್ಧಾನಂತರದ ಶಾಂತಿಯನ್ನು ಕಾಯುವ ಹೊಣೆಯನ್ನು ಫಾಕ್ಸ್ ಇವರಿಗೇ ವಹಿಸಿದ್ದರು. ಎಂದರೆ, ಮುಂದೆ ವೈರದ ಹೆಸರಾದ ಪದವೊಂದು ಮೊದಲಿಗೆ ಮೈತ್ರಿಯ ಹೆಸರಾಗಿತ್ತು.

ಆ ಗ್ರಂಥ ಬಂದ ಐದು ವರ್ಷಗಳ ಒಳಗೆ ಬರ್ಲಿನ್ ನಗರ ದಿಗ್ಬಂಧನಕ್ಕೆ ಒಳಗಾಗಿ ಅದರಿಂದ ಹೊರಬಂದಿತ್ತು. 1949ರ ಏಪ್ರಿಲ್ 4ರಂದು ನ್ಯಾಟೋ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಅದೇ ವರ್ಷದ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು ಪರೀಕ್ಷಿಸಿತ್ತು. ಈ ತಿರುವಿಗೆ ಕಾರಣರಾರು ಎಂಬ ಪ್ರಶ್ನೆಯ ಸುತ್ತ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಪಾರವಾದ ಚರಿತ್ರೆ ಬರವಣಿಗೆ ನಡೆದಿದೆ.

ಮಿತ್ರರು ಶತ್ರುಗಳಾದರು ಎಂಬ ಹೇಳಿಕೆಯನ್ನು ಹಾಗೆಯೇ ಒಪ್ಪಲು ಬರುವುದಿಲ್ಲ. 1917ರ ಕ್ರಾಂತಿಯ ನಂತರ ಬ್ರಿಟನ್ ಮತ್ತು ಅಮೆರಿಕಗಳು ರಷ್ಯಾದ ನೆಲಕ್ಕೆ ಸೈನ್ಯ ಕಳುಹಿಸಿದ್ದವು. ಅಮೆರಿಕ ಸೋವಿಯತ್ ಸರ್ಕಾರಕ್ಕೆ ರಾಜತಾಂತ್ರಿಕ ಮನ್ನಣೆ ನೀಡಿದ್ದು 1933ರಲ್ಲಿ. 1939ರ ಆಗಸ್ಟ್ 23ರಂದು ಸ್ಟಾಲಿನ್ ಹಿಟ್ಲರನೊಡನೆಯೇ ಒಪ್ಪಂದ ಮಾಡಿಕೊಂಡಿದ್ದರು. ಆದ್ದರಿಂದ ಇದು ಹಳೆಯ ಅಪನಂಬಿಕೆಯ ನಡುವೆ ನಾಲ್ಕು ವರ್ಷ ಬಾಳಿದ ಮೈತ್ರಿ. ಹಾಗಾದರೆ ಆ ಮೈತ್ರಿ ಹೇಗೆ ಸಾಧ್ಯವಾಯಿತು, ಅದು ತನ್ನ ಹಿಂದೆ ಏನನ್ನು ಬಿಟ್ಟುಹೋಯಿತು ಎಂದು ಮೊದಲು ಕೇಳಬೇಕಾಗುತ್ತದೆ. ಮಿತ್ರಕೂಟವನ್ನು ಹಿಡಿದು ನಿಲ್ಲಿಸಿದ ಮಾತುಗಳೇ ಮುಂದೆ ಅದರ ಜಗಳದ ವಸ್ತುವಾದವು ಎಂಬ ನೆಲೆಯಿಂದ ಆ ಕಾಲದ ಕೆಲವು ಪಠ್ಯಗಳನ್ನೂ, ಅವುಗಳ ಬಗ್ಗೆ ಬಂದ ಚರಿತ್ರೆ ಬರವಣಿಗೆಯನ್ನೂ ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮಂಡಲ ಸಿದ್ಧಾಂತದ ಬೆಳಕು ಮತ್ತು ಮಿತಿ

ನಮ್ಮ ಪರಂಪರೆಯಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಅದರ ತಾಳೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದ ಮೇಲೆ ಅದು ಆಧುನಿಕ ಜಗತ್ತಿನ ಚರ್ಚೆಗೆ ದೊರೆಯಿತು. ಆ ಗ್ರಂಥದ ಆರನೆಯ ಅಧಿಕರಣದಲ್ಲಿ ನಿರೂಪಿತವಾದ ಮಂಡಲ ಸಿದ್ಧಾಂತದ ಪ್ರಕಾರ, ವಿಜಿಗೀಷುವಿನ ಗಡಿಗೆ ಹೊಂದಿಕೊಂಡ ರಾಜ ಸಹಜವಾಗಿಯೇ ಅರಿ. ಆ ಅರಿಯ ಆಚೆಗಿರುವವನು ಮಿತ್ರ. ಮೈತ್ರಿ ಮತ್ತು ವೈರಗಳು ಇಲ್ಲಿ ಮನೋಧರ್ಮದ ಸಂಗತಿಗಳಲ್ಲ, ನೆಲೆಯ ಸಂಗತಿಗಳು. ನಡುವಿನ ರಾಜ್ಯ ಇಲ್ಲವಾದ ದಿನ ಮಿತ್ರನೇ ನೆರೆಯವನಾಗುತ್ತಾನೆ. ನೆರೆಯವನಾದ ಮೇಲೆ ಅವನು ಅರಿಯ ಸ್ಥಾನಕ್ಕೆ ಬರುತ್ತಾನೆ.

1945ರ ಏಪ್ರಿಲ್ 25ರಂದು ಜರ್ಮನಿಯ ಟೋರ್ಗಾವ್ ಪಟ್ಟಣದ ಬಳಿ, ಎಲ್ಬೆ ನದಿಯ ದಂಡೆಯಲ್ಲಿ, ಪಶ್ಚಿಮದಿಂದ ಬಂದ ಅಮೆರಿಕನ್ ಸೈನಿಕರೂ ಪೂರ್ವದಿಂದ ಬಂದ ಸೋವಿಯತ್ ಸೈನಿಕರೂ ಪರಸ್ಪರ ಕೈಕುಲುಕಿದರು. ಆ ಭೇಟಿಯ ಛಾಯಾಚಿತ್ರಗಳು ಮಿತ್ರಕೂಟದ ಗೆಲುವಿನ ಸಂಕೇತವೆಂದು ಜಗತ್ತಿನಾದ್ಯಂತ ಅಚ್ಚಾದವು. ಮಂಡಲ ಸಿದ್ಧಾಂತದ ಓದಿನಲ್ಲಿ ಅದೇ ಛಾಯಾಚಿತ್ರ ನಡುವಿನ ಅರಿಯ ನೆಲ ಕರಗಿಹೋದ ಕ್ಷಣವನ್ನು ತೋರಿಸುತ್ತದೆ. ಹಾಗೆಯೇ 1941ರ ಡಿಸೆಂಬರ್ ತನಕ ಯುದ್ಧದ ಹೊರಗಿದ್ದ ಅಮೆರಿಕ, ಎಲ್ಲರಿಗಿಂತ ಬಲಿಷ್ಠನಾಗಿ ಮಂಡಲದ ಆಚೆಗಿರುವ ‘ಉದಾಸೀನ’ ರಾಜನನ್ನು ಹೋಲುತ್ತದೆ. ಅವನು ಯಾರ ಕಡೆಗೆ ವಾಲುತ್ತಾನೆ ಎಂಬುದರ ಮೇಲೆ ಮಂಡಲದ ಸಮತೋಲನವೇ ಬದಲಾಗುತ್ತದೆ.

ಆದರೆ ಈ ವಿವರಣೆಗೆ ಮಿತಿಗಳಿವೆ. ಅಮೆರಿಕ ಮತ್ತು ಕೆನಡಗಳು ಒಂದೇ ಗಡಿಯನ್ನು ಹಂಚಿಕೊಂಡೂ ಅರಿಗಳಾಗಲಿಲ್ಲ. ಬ್ರಿಟನ್ ಮತ್ತು ಅಮೆರಿಕಗಳ ಸೈನ್ಯಗಳು ಜರ್ಮನಿಯಲ್ಲಿ ಅಕ್ಕಪಕ್ಕದ ವಲಯಗಳಲ್ಲಿ ನಿಂತರೂ 1947ರ ಜನವರಿ 1ರಂದು ಆ ಎರಡು ವಲಯಗಳು ಆರ್ಥಿಕವಾಗಿ ಒಂದಾದವು. ನೆಲೆಯ ಸಾಮೀಪ್ಯ ಒಂದು ಕಡೆ ಕೂಡಿಸಿ, ಇನ್ನೊಂದು ಕಡೆ ಒಡೆದಿದ್ದರೆ, ಆ ವ್ಯತ್ಯಾಸವನ್ನು ಭೂಪಟವೊಂದೇ ಹೇಳಲಾರದು. ಎದುರಿನವನನ್ನು ಹೇಗೆ ಓದಿಕೊಳ್ಳಲಾಯಿತು ಎಂಬುದನ್ನೂ ನೋಡಬೇಕಾಗುತ್ತದೆ.

3. ಮೂರು ಪಂಥಗಳು, ಒಂದೇ ಪ್ರಶ್ನೆ

ಶೀತಲ ಸಮರದ ಉಗಮವನ್ನು ಕುರಿತ ಪಾಶ್ಚಾತ್ಯ ಬರವಣಿಗೆಯನ್ನು ಮೂರು ಘಟ್ಟಗಳಲ್ಲಿ ಗುರುತಿಸುವುದು ವಾಡಿಕೆ. ಮೊದಲನೆಯದು ಸಂಪ್ರದಾಯನಿಷ್ಠ ಪಂಥ. 1957ರಲ್ಲಿ ಬಂದ ಹರ್ಬರ್ಟ್ ಫೈಸ್ ಅವರ ‘ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್’, 1967ರಲ್ಲಿ ಆರ್ಥರ್ ಶ್ಲೆಸಿಂಜರ್ ಬರೆದ ಪ್ರಸಿದ್ಧ ಲೇಖನ ಇದರ ಮುಖ್ಯ ನಿದರ್ಶನಗಳು. ಸೋವಿಯತ್ ವಿಸ್ತರಣೆಯೇ ಮೂಲ ಕಾರಣ, ಪಶ್ಚಿಮದ್ದು ಪ್ರತಿಕ್ರಿಯೆ ಎಂಬುದು ಈ ಪಂಥದ ಸಾರ. ಎರಡನೆಯದು ಪುನರ್ವಿಮರ್ಶಾ ಪಂಥ. ವಿಲಿಯಂ ಆಪಲ್‌ಮನ್ ವಿಲಿಯಮ್ಸ್ 1959ರಲ್ಲಿ ಅಮೆರಿಕದ ಮಾರುಕಟ್ಟೆಯ ಹಸಿವನ್ನು ಅದರ ವಿದೇಶಾಂಗ ನೀತಿಯ ಚಾಲಕ ಶಕ್ತಿಯೆಂದು ಗುರುತಿಸಿದರು. ಗಾರ್ ಆಲ್ಪೆರೊವಿಟ್ಸ್ 1965ರಲ್ಲಿ ಅಣುಬಾಂಬಿನ ಪ್ರಯೋಗದಲ್ಲಿ ಸೋವಿಯತ್ ಒಕ್ಕೂಟಕ್ಕೆ ಕೊಟ್ಟ ಎಚ್ಚರಿಕೆಯನ್ನು ಕಂಡರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಈ ವಾದ ವಿಶ್ವವಿದ್ಯಾಲಯಗಳಲ್ಲಿ ಬೇರೂರಿತು. ಮೂರನೆಯದು ಪುನರ್ವಿಮರ್ಶೋತ್ತರ ಪಂಥ. ಜಾನ್ ಲೂಯಿಸ್ ಗ್ಯಾಡಿಸ್ 1972ರ ಗ್ರಂಥದಲ್ಲಿ ಹೊಣೆಯನ್ನು ಎರಡೂ ಕಡೆಗೆ ಹಂಚಿದರು. ಆದರೆ ಸೋವಿಯತ್ ಪತ್ರಾಗಾರಗಳು ಭಾಗಶಃ ತೆರೆದ ಮೇಲೆ, 1997ರ ‘ವಿ ನೌ ನೋ’ ಗ್ರಂಥದಲ್ಲಿ ಸ್ಟಾಲಿನ್ ಅವರ ಪಾತ್ರಕ್ಕೇ ನಿರ್ಣಾಯಕ ಸ್ಥಾನ ಕೊಟ್ಟರು. ಇದೇ ದಶಕದಲ್ಲಿ ಮೆಲ್ವಿನ್ ಲೆಫ್ಲರ್ ಅವರು ಭದ್ರತೆಯ ಭಯ ಅಮೆರಿಕದ ನೀತಿಯನ್ನು ಹೇಗೆ ರೂಪಿಸಿತೆಂದು ವಿವರವಾಗಿ ತೋರಿಸಿದರು (1992). ವ್ಲಾಡಿಸ್ಲಾವ್ ಜುಬೋಕ್ ಮತ್ತು ಕಾನ್‌ಸ್ಟಾಂಟಿನ್ ಪ್ಲೆಶಕೋವ್ ಕ್ರೆಮ್ಲಿನ್ನಿನ ಒಳಗಿನ ನೋಟವನ್ನು ಒದಗಿಸಿದರು (1996).

ಈ ಮೂರೂ ಘಟ್ಟಗಳ ಕೊಡುಗೆ ದೊಡ್ಡದು. ಆದರೆ ಅವುಗಳ ನಡುವಿನ ಜಗಳ ಬಹುಮಟ್ಟಿಗೆ ನ್ಯಾಯಾಲಯದ ಜಗಳ. ಆರೋಪಿ ಯಾರೆಂಬ ಬಗ್ಗೆ ಭಿನ್ನಮತವಿದೆಯೇ ಹೊರತು, ಒಬ್ಬ ಆರೋಪಿ ಇರಲೇಬೇಕು ಎಂಬ ಬಗ್ಗೆ ಅಷ್ಟಾಗಿ ಭಿನ್ನಮತವಿಲ್ಲ. ಹೊಣೆಯನ್ನು ಹಂಚುವ ಪಂಥವೂ ಕೊನೆಗೆ ಪಾಲಿನ ಲೆಕ್ಕಕ್ಕೇ ಬರುತ್ತದೆ. ಇದರಿಂದಾಗಿ ಯುದ್ಧಕಾಲದ ಒಪ್ಪಂದಗಳು ಸಾಕ್ಷ್ಯಗಳಾಗಿ ಮಾತ್ರ ಬಳಕೆಯಾಗುತ್ತವೆ: ಯಾರು ಯಾವ ಮಾತನ್ನು ಮುರಿದರು ಎಂದು ತೋರಿಸಲು. ಆ ಮಾತುಗಳ ರಚನೆ ಎಂಥದು, ಅವು ಒಂದೇ ಅರ್ಥವನ್ನು ಹೊತ್ತಿದ್ದವೇ ಎಂಬ ಪಠ್ಯವಿಮರ್ಶೆಯ ಪ್ರಶ್ನೆ ಹಿಂದೆ ಸರಿಯುತ್ತದೆ.

4. ಒಪ್ಪಂದಗಳ ಶ್ಲೇಷೆ

ನಮ್ಮ ಅಲಂಕಾರಶಾಸ್ತ್ರದಲ್ಲಿ ಒಂದೇ ಮಾತು ಎರಡು ಅರ್ಥಗಳನ್ನು ಏಕಕಾಲಕ್ಕೆ ಹೊರುವುದನ್ನು ಶ್ಲೇಷೆ ಎನ್ನುತ್ತಾರೆ. ಕಾವ್ಯದ ಶ್ಲೇಷೆಯಲ್ಲಿ ಕವಿಗೆ ಎರಡೂ ಅರ್ಥಗಳು ಬೇಕು, ಸಹೃದಯನಿಗೂ ಎರಡೂ ಕಾಣಬೇಕು. ರಾಜಕೀಯದ ಶ್ಲೇಷೆ ಇದಕ್ಕಿಂತ ಭಿನ್ನ. ಇಲ್ಲಿ ಸಹಿ ಹಾಕಿದ ಪ್ರತಿಯೊಬ್ಬನಿಗೂ ತನ್ನ ಅರ್ಥವೊಂದೇ ಬೇಕು. ಇನ್ನೊಬ್ಬನ ಅರ್ಥ ಗೊತ್ತಿದ್ದರೂ ಅದನ್ನು ಬಾಯಿಬಿಟ್ಟು ಹೇಳದಿರುವುದೇ ಮೈತ್ರಿಯ ಷರತ್ತು. ಎರಡನೆಯ ಮಹಾಯುದ್ಧದ ಮಿತ್ರಕೂಟದ ಮುಖ್ಯ ಪಠ್ಯಗಳು ಈ ಬಗೆಯವು.

ಮೊದಲ ನಿದರ್ಶನ 1941ರ ಆಗಸ್ಟ್ 14ರ ಅಟ್ಲಾಂಟಿಕ್ ಸನ್ನದು. ಎಲ್ಲ ಜನತೆಗಳಿಗೂ ತಮ್ಮ ಸರ್ಕಾರದ ಸ್ವರೂಪವನ್ನು ಆರಿಸಿಕೊಳ್ಳುವ ಹಕ್ಕಿದೆಯೆಂದು ರೂಸ್‌ವೆಲ್ಟ್ ಮತ್ತು ಚರ್ಚಿಲ್ ಅದರಲ್ಲಿ ಸಾರಿದರು. ಒಂದು ತಿಂಗಳೊಳಗೆ, ಸೆಪ್ಟೆಂಬರ್ 9ರಂದು, ಈ ಮಾತು ಮುಖ್ಯವಾಗಿ ನಾಜಿ ಆಕ್ರಮಣಕ್ಕೆ ಒಳಗಾದ ಯುರೋಪಿನ ದೇಶಗಳಿಗೆ ಸಂಬಂಧಿಸಿದ್ದು, ಭಾರತ ಮತ್ತು ಬರ್ಮಾದ ಪ್ರಶ್ನೆ ಬೇರೆ ಎಂದು ಚರ್ಚಿಲ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವಿವರಣೆ ಕೊಟ್ಟರು. ಅದೇ ಸೆಪ್ಟೆಂಬರ್ 24ರಂದು ಲಂಡನ್ನಿನಲ್ಲಿ ಸೋವಿಯತ್ ರಾಯಭಾರಿ ಇವಾನ್ ಮೈಸ್ಕಿ ಸನ್ನದಿಗೆ ಒಪ್ಪಿಗೆ ಸೂಚಿಸುವಾಗ, ಆಯಾ ದೇಶದ ಸಂದರ್ಭ, ಅಗತ್ಯ ಮತ್ತು ಚಾರಿತ್ರಿಕ ವೈಶಿಷ್ಟ್ಯಗಳಿಗೆ ಅನುಗುಣವಾಗಿ ಅದನ್ನು ಅನ್ವಯಿಸಬೇಕು ಎಂಬ ಮಾತನ್ನು ಸೇರಿಸಿದರು. ಒಂದು ಟಿಪ್ಪಣಿ ಸಾಮ್ರಾಜ್ಯವನ್ನು ಕಾಯಿತು, ಇನ್ನೊಂದು ಸೋವಿಯತ್ ಗಡಿಯನ್ನು ಕಾಯಿತು. ಮಿತ್ರಕೂಟದ ಆದರ್ಶ ಪಠ್ಯ ಆರು ವಾರಗಳಲ್ಲಿ ಮೂರು ಪಾಠಾಂತರಗಳನ್ನು ಪಡೆದಿತ್ತು.

ಎರಡನೆಯ ನಿದರ್ಶನ ಎರಡನೆಯ ರಣರಂಗದ್ದು. 1942ರ ಜೂನ್‌ನಲ್ಲಿ ಮೊಲೊಟೊವ್ ಅವರ ಭೇಟಿಯ ನಂತರ ಹೊರಬಿದ್ದ ಜಂಟಿ ಪ್ರಕಟಣೆಯಲ್ಲಿ, ಆ ವರ್ಷವೇ ಯುರೋಪಿನಲ್ಲಿ ಎರಡನೆಯ ರಣರಂಗ ತೆರೆಯುವ ತುರ್ತು ಕಾರ್ಯದ ಬಗ್ಗೆ ಪೂರ್ಣ ತಿಳಿವಳಿಕೆ ಉಂಟಾಗಿದೆ ಎಂದಿತ್ತು. ಮಾಸ್ಕೊ ಇದನ್ನು ವಾಗ್ದಾನವೆಂದು ಓದಿತು. ಲಂಡನ್ ಮಾತ್ರ ತಾನು ಖಚಿತ ಭರವಸೆ ಕೊಡಲಾರೆನೆಂದು ಪ್ರತ್ಯೇಕ ಟಿಪ್ಪಣಿಯಲ್ಲಿ ತಿಳಿಸಿತ್ತು. ನಾರ್ಮಂಡಿಯಲ್ಲಿ ಸೈನ್ಯ ಇಳಿದದ್ದು 1944ರ ಜೂನ್ 6ರಂದು. ಸುಮಾರು 2.7 ಕೋಟಿ ಜನರನ್ನು ಯುದ್ಧದಲ್ಲಿ ಕಳೆದುಕೊಂಡ ದೇಶಕ್ಕೆ ಈ ಎರಡು ವರ್ಷಗಳ ಅಂತರ ವ್ಯಾಕರಣದ ಪ್ರಶ್ನೆಯಾಗಿರಲಿಲ್ಲ. ಅದೇ ದೇಶಕ್ಕೆ ಅಮೆರಿಕ ಸುಮಾರು 1,100 ಕೋಟಿ ಡಾಲರ್ ಮೌಲ್ಯದ ಲೆಂಡ್-ಲೀಸ್ ನೆರವು ಕಳುಹಿಸಿತ್ತು ಎಂಬುದೂ ಅಷ್ಟೇ ನಿಜ. ರಕ್ತದ ಲೆಕ್ಕ ಒಬ್ಬರಲ್ಲಿ, ಸಾಮಗ್ರಿಯ ಲೆಕ್ಕ ಇನ್ನೊಬ್ಬರಲ್ಲಿ. ಗೆಲುವು ಯಾರದು ಎಂಬ ಪ್ರಶ್ನೆಗೆ ಮುಂದೆ ಎರಡು ಉತ್ತರಗಳು ಬೆಳೆದದ್ದು ಇಲ್ಲಿಂದ.

ಮೂರನೆಯದು ಯಾಲ್ಟಾ. 1945ರ ಫೆಬ್ರುವರಿ 4ರಿಂದ 11ರವರೆಗೆ ನಡೆದ ಈ ಸಮಾವೇಶದಲ್ಲಿ ಪೋಲೆಂಡಿನ ಆಗಿನ ಸರ್ಕಾರವನ್ನು ವಿಶಾಲವಾದ ಪ್ರಜಾಸತ್ತಾತ್ಮಕ ತಳಹದಿಯ ಮೇಲೆ ಪುನಾರಚಿಸಿ, ಬೇಗನೆ ಮುಕ್ತ ಚುನಾವಣೆ ನಡೆಸಬೇಕೆಂದು ಒಪ್ಪಲಾಯಿತು. ‘ಪುನಾರಚನೆ’ ಎಂದರೆ ಹೊಸ ಸರ್ಕಾರವೇ, ಇರುವುದಕ್ಕೆ ಕೆಲವರನ್ನು ಸೇರಿಸುವುದೇ ಎಂಬುದನ್ನು ಪಠ್ಯ ಹೇಳಲಿಲ್ಲ. ‘ಪ್ರಜಾಸತ್ತಾತ್ಮಕ’ ಎಂಬ ಪದಕ್ಕೂ ಇದೇ ಗತಿ: ಪಶ್ಚಿಮದ ನಿಘಂಟಿನಲ್ಲಿ ಅದು ಪಕ್ಷಗಳ ಸ್ಪರ್ಧೆ, ಮಾಸ್ಕೊದ ನಿಘಂಟಿನಲ್ಲಿ ಫ್ಯಾಸಿಸಂ ವಿರೋಧ. ಈ ಭಾಷೆ ರಬ್ಬರಿನಂತೆ ಹಿಗ್ಗುತ್ತದೆ ಎಂದು ಅಡ್ಮಿರಲ್ ಲೀಹಿ ಅಲ್ಲಿಯೇ ರೂಸ್‌ವೆಲ್ಟ್ ಅವರಿಗೆ ತಿಳಿಸಿದ್ದರು; ಪೋಲೆಂಡಿಗಾಗಿ ತಮ್ಮಿಂದ ಆಗುವುದು ಇಷ್ಟೇ ಎಂಬುದು ಅಧ್ಯಕ್ಷರ ಉತ್ತರವಾಗಿತ್ತು. ಸೋವಿಯತ್ ಸೈನ್ಯ ಆಗಲೇ ಪೋಲೆಂಡಿನಲ್ಲಿತ್ತು. ಹಿಂದಿನ ವರ್ಷದ ಆಗಸ್ಟ್ 1ರಿಂದ ಅಕ್ಟೋಬರ್ 2ರವರೆಗೆ ವಾರ್ಸಾ ನಗರ ನಾಜಿಗಳ ವಿರುದ್ಧ ದಂಗೆಯೆದ್ದು ನೆಲಸಮವಾಗುವಾಗ, ನೆರವು ಹೊತ್ತ ಪಶ್ಚಿಮದ ವಿಮಾನಗಳಿಗೆ ತನ್ನ ನೆಲೆಗಳಲ್ಲಿ ಇಳಿಯಲು ಮಾಸ್ಕೊ ಬಹುಕಾಲ ಅವಕಾಶ ಕೊಟ್ಟಿರಲಿಲ್ಲ. ಪಠ್ಯದಲ್ಲಿ ಬಿಟ್ಟ ಖಾಲಿ ಜಾಗವನ್ನು ಯಾರು ತುಂಬುತ್ತಾರೆ ಎಂಬುದು ನೆಲದ ಮೇಲೆ ನಿರ್ಧಾರವಾಗಿತ್ತು.

ಇದು ಸೋವಿಯತ್ ಕಡೆಯಿಂದ ಮಾತ್ರ ಆರಂಭವಾದ ಪದ್ಧತಿಯಲ್ಲ. 1943ರಲ್ಲಿ ಇಟಲಿ ಶರಣಾದಾಗ ಅಲ್ಲಿನ ಆಡಳಿತದಲ್ಲಿ ಸೋವಿಯತ್ ಒಕ್ಕೂಟಕ್ಕೆ ಸಲಹೆಯ ಸ್ಥಾನ ದೊರೆಯಿತೇ ಹೊರತು ಅಧಿಕಾರ ದೊರೆಯಲಿಲ್ಲ. ಮರುವರ್ಷ ರೊಮೇನಿಯದಲ್ಲಿ ಮಾಸ್ಕೊ ಇದೇ ಮಾದರಿಯನ್ನು ತಿರುಗಿಸಿ ಬಳಸಿತು. 1944ರ ಅಕ್ಟೋಬರ್ 9ರಂದು ಚರ್ಚಿಲ್ ಮಾಸ್ಕೊದಲ್ಲಿ ಒಂದು ಕಾಗದದ ಮೇಲೆ ಪ್ರಭಾವದ ಪಾಲನ್ನು ಶೇಕಡಾವಾರು ಬರೆದು ಸ್ಟಾಲಿನ್ ಮುಂದಿಟ್ಟರು: ರೊಮೇನಿಯದಲ್ಲಿ ರಷ್ಯಾಕ್ಕೆ 90, ಗ್ರೀಸಿನಲ್ಲಿ ಬ್ರಿಟನ್ನಿಗೆ 90. ಚರ್ಚಿಲ್ ತಮ್ಮ ಯುದ್ಧ ಚರಿತ್ರೆಯ ಕೊನೆಯ ಸಂಪುಟದಲ್ಲಿ ತಾವೇ ಇದನ್ನು ಬಯಲಿಗಿಟ್ಟರು. ನಾಲ್ಕು ತಿಂಗಳ ನಂತರ ಯಾಲ್ಟಾದಲ್ಲಿ ಅದೇ ನಾಯಕರು ವಿಮೋಚಿತ ಯುರೋಪಿನ ಜನತೆಯ ಹಕ್ಕುಗಳ ಘೋಷಣೆಗೆ ಸಹಿ ಹಾಕಿದರು. ಶೇಕಡಾವಾರು ಪಟ್ಟಿಯೇ ನಿಜವಾದ ಒಪ್ಪಂದ, ಘೋಷಣೆ ಕೇವಲ ಮುಖವಾಡ ಎಂದು ಸ್ಟಾಲಿನ್ ಭಾವಿಸಿದ್ದರೆ ಅದಕ್ಕೆ ಆಧಾರವಿತ್ತು. ಘೋಷಣೆಯೇ ನಿಜವೆಂದು ನಂಬಿದ ಪೋಲಿಷ್ ಪ್ರಜೆಗೂ ಅಷ್ಟೇ ಆಧಾರವಿತ್ತು.

ಈ ಬಿರುಕನ್ನು ಇತಿಹಾಸಕಾರರಿಗಿಂತ ಮೊದಲು ಒಬ್ಬ ಸಾಹಿತಿ ಗುರುತಿಸಿದರು. ಜಾರ್ಜ್ ಆರ್ವೆಲ್ ‘ಅನಿಮಲ್ ಫಾರ್ಮ್’ ಕೃತಿಯನ್ನು ಬರೆದದ್ದು 1943ರ ನವೆಂಬರ್‌ನಿಂದ 1944ರ ಫೆಬ್ರುವರಿಯ ನಡುವೆ. ಮಿತ್ರರಾಷ್ಟ್ರವನ್ನು ಅಣಕಿಸುವ ಕೃತಿಯನ್ನು ಹಲವು ಪ್ರಕಾಶಕರು ಒಲ್ಲೆನೆಂದರು. ಅದು ಅಚ್ಚಾದದ್ದು 1945ರ ಆಗಸ್ಟ್‌ನಲ್ಲಿ. ಕೊನೆಯ ದೃಶ್ಯದಲ್ಲಿ ಹಂದಿಗಳೂ ಮನುಷ್ಯರೂ ಒಟ್ಟಿಗೆ ಕುಳಿತು ಪರಸ್ಪರ ಹೊಗಳಿಕೊಂಡು ಇಸ್ಪೀಟು ಆಡುತ್ತಾರೆ. ಇಬ್ಬರೂ ಒಂದೇ ಕ್ಷಣದಲ್ಲಿ ಒಂದೇ ಎಕ್ಕವನ್ನು ಎಸೆದಾಗ ಜಗಳ ಆರಂಭವಾಗುತ್ತದೆ. ಟೆಹರಾನ್ ಸಮಾವೇಶದ ಬೆನ್ನಿಗೇ ಬರೆದ ಈ ದೃಶ್ಯದಲ್ಲಿ, ಆ ಸೌಹಾರ್ದ ಉಳಿಯುವುದಿಲ್ಲವೆಂಬ ತನ್ನ ನಂಬಿಕೆಯನ್ನು ಸೂಚಿಸಿದ್ದಾಗಿ ಆರ್ವೆಲ್ 1947ರಲ್ಲಿ ಕೃತಿಯ ಉಕ್ರೇನಿಯನ್ ಅನುವಾದದ ಮುನ್ನುಡಿಯಲ್ಲಿ ವಿವರಿಸಿದರು. ಎರಡು ಕೈಗಳಲ್ಲಿ ಒಂದೇ ಎಲೆ ಇರುವುದು ಶ್ಲೇಷೆಯ ರಾಜಕೀಯಕ್ಕೆ ತಕ್ಕ ರೂಪಕ. ಆಟ ಸಾಗುವವರೆಗೆ ಎರಡು ಎಕ್ಕಗಳೂ ಕೈಯಲ್ಲಿ ಮುಚ್ಚಿಯೇ ಇರುತ್ತವೆ.

5. ಎರಡು ತಂತಿಗಳು: ನಡೆಯಿಂದ ಸ್ವಭಾವಕ್ಕೆ

1946ರಲ್ಲಿ ಬರೆಯಲಾದ ಎರಡು ರಾಜತಾಂತ್ರಿಕ ವರದಿಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಮೈತ್ರಿಯ ಭಾಷೆ ವೈರದ ಭಾಷೆಯಾಗಿ ತಿರುಗಿದ ಬಗೆ ಸ್ಪಷ್ಟವಾಗುತ್ತದೆ. ಮೊದಲನೆಯದು ಮಾಸ್ಕೊದ ಅಮೆರಿಕನ್ ರಾಯಭಾರ ಕಚೇರಿಯಿಂದ ಜಾರ್ಜ್ ಕೆನನ್ ಫೆಬ್ರುವರಿ 22ರಂದು ಕಳುಹಿಸಿದ ‘ದೀರ್ಘ ತಂತಿ’. ಎರಡನೆಯದು ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ನಿಕೊಲಾಯ್ ನೊವಿಕೊವ್ ಸೆಪ್ಟೆಂಬರ್ 27ರಂದು ಕಳುಹಿಸಿದ ವರದಿ. ಇದು ಬೆಳಕು ಕಂಡದ್ದು 1990ರಲ್ಲಿ.

ಸೋವಿಯತ್ ನೀತಿಯ ಮೂಲವನ್ನು ಕೆನನ್ ರಷ್ಯಾದ ಆಳರಸರ ಪುರಾತನ ಅಭದ್ರತೆಯಲ್ಲಿ ಕಾಣುತ್ತಾರೆ. ಮಾರ್ಕ್ಸ್‌ವಾದ ಆ ಅಭದ್ರತೆಗೆ ದೊರೆತ ಗೌರವದ ಹೊದಿಕೆ. ಆ ಶಕ್ತಿ ತರ್ಕಕ್ಕೆ ಓಗೊಡುವುದಿಲ್ಲ, ಬಲದ ಭಾಷೆಯನ್ನು ಮಾತ್ರ ಅರಿಯುತ್ತದೆ. ಗಟ್ಟಿಯಾದ ಪ್ರತಿರೋಧ ಎದುರಾದಲ್ಲಿ ಹಿಂದೆ ಸರಿಯುತ್ತದೆ. ನೊವಿಕೊವ್ ಅವರ ವರದಿಯಲ್ಲಿ ಅಮೆರಿಕದ ನೀತಿಯ ಮೂಲ ಅಲ್ಲಿನ ಏಕಸ್ವಾಮ್ಯ ಬಂಡವಾಳದಲ್ಲಿದೆ. ಅದರ ಗುರಿ ವಿಶ್ವದ ಯಜಮಾನಿಕೆ. ರೂಸ್‌ವೆಲ್ಟ್ ಅವರ ಸಹಕಾರದ ದಾರಿಯನ್ನು ಹೊಸ ಸರ್ಕಾರ ಕೈಬಿಟ್ಟಿದೆ. ಹೆಚ್ಚಿದ ಸೈನಿಕ ವೆಚ್ಚ, ದೂರದ ಸಾಗರಗಳಲ್ಲಿನ ನೌಕಾ ಮತ್ತು ವಾಯು ನೆಲೆಗಳು ಮುಂದಿನ ಯುದ್ಧದ ಸಿದ್ಧತೆಯನ್ನು ಸೂಚಿಸುತ್ತವೆ.

ಎರಡು ವರದಿಗಳ ಬೌದ್ಧಿಕ ಮಟ್ಟ ಒಂದೇ ಅಲ್ಲ. ಕೆನನ್ ರಷ್ಯನ್ ಭಾಷೆ ಮತ್ತು ಚರಿತ್ರೆಯನ್ನು ಆಳವಾಗಿ ಬಲ್ಲವರು. ಅವರ ಗದ್ಯದಲ್ಲಿ ಸ್ವಂತ ಸಮಾಜದ ಆರೋಗ್ಯವೇ ಅತ್ಯುತ್ತಮ ರಕ್ಷಣೆ ಎಂಬ ಆತ್ಮವಿಮರ್ಶೆಯ ದನಿಯೂ ಇದೆ. ನೊವಿಕೊವ್ ವರದಿ ಮೊಲೊಟೊವ್ ಅವರ ಸೂಚನೆಯ ನೆರಳಿನಲ್ಲಿ, ಅವರು ಕೇಳಬಯಸಿದ್ದನ್ನೇ ಹೇಳುವಂತೆ ರಚಿತವಾದದ್ದು. ಇಷ್ಟಾದರೂ ಎರಡರ ವಾಗ್ವಿನ್ಯಾಸ ಒಂದೇ. ಎದುರಿನ ದೇಶದ ಒಂದೊಂದು ನಡೆಯನ್ನು, ಅದು ಹುಟ್ಟಿದ ಸಂದರ್ಭದಿಂದ ಬಿಡಿಸಿ, ಆ ದೇಶದ ಮೂಲ ಸ್ವಭಾವದ ಲಕ್ಷಣವೆಂದು ಓದುವುದು ಇಬ್ಬರ ವಿಧಾನ. ನಡೆಯ ಬಗ್ಗೆ ಮಾತುಕತೆ ಸಾಧ್ಯ, ಏಕೆಂದರೆ ನಡೆಯನ್ನು ಬದಲಿಸಬಹುದು. ಸ್ವಭಾವದ ಬಗ್ಗೆ ಮಾತುಕತೆ ಇಲ್ಲ. ಅದನ್ನು ತಡೆಯಬಹುದು ಅಥವಾ ಸೋಲಿಸಬಹುದು ಅಷ್ಟೆ. ಇಬ್ಬರೂ ತಮ್ಮ ತಮ್ಮ ದೇಶದ ಭಯವನ್ನು ಪ್ರತಿಕ್ರಿಯೆಯೆಂದೂ ಎದುರಿನವರ ಭಯವನ್ನು ಆಕ್ರಮಣವೆಂದೂ ಹೆಸರಿಸುತ್ತಾರೆ. ಹಿಂದಿನ ವರ್ಷದ ಸಂದಿಗ್ಧ ಪಠ್ಯಗಳು ಈ ಓದಿಗೆ ಹೇರಳವಾದ ಸಾಮಗ್ರಿಯನ್ನು ಒದಗಿಸಿದವು. ಎರಡು ಅರ್ಥವಿದ್ದ ಮಾತಿಗೆ ತನ್ನ ಅರ್ಥವೊಂದೇ ಗೊತ್ತಿರುವವನಿಗೆ ಇನ್ನೊಬ್ಬನ ನಡೆ ವಚನಭಂಗವಾಗಿಯೇ ಕಾಣುತ್ತದೆ.

ಇಲ್ಲಿಂದ ಚರಿತ್ರೆ ಬರವಣಿಗೆಯ ಮೂಲ ತೊಡಕೂ ಅರ್ಥವಾಗುತ್ತದೆ. ಸಂಪ್ರದಾಯನಿಷ್ಠ ಪಂಥದ ತಾರ್ಕಿಕ ಚೌಕಟ್ಟು ಕೆನನ್ ಅವರ ತಂತಿಯಲ್ಲಿ ಬೀಜರೂಪದಲ್ಲಿದೆ. ಪುನರ್ವಿಮರ್ಶಾ ಪಂಥದವರು ನೊವಿಕೊವ್ ವರದಿಯನ್ನು ಕಂಡಿರುವುದು ಸಾಧ್ಯವೇ ಇರಲಿಲ್ಲ. ಆದರೂ ಬಂಡವಾಳದ ವಿಸ್ತರಣೆಯನ್ನು ಮೂಲ ಕಾರಣವಾಗಿಸುವ ಅವರ ಚೌಕಟ್ಟು ಆ ವರದಿಯ ಚೌಕಟ್ಟಿಗೆ ಬಹಳ ಹತ್ತಿರದ್ದು. ಎರಡೂ ಪಂಥಗಳು ಒಂದೊಂದು ದೇಶದ ಸ್ವಭಾವದಿಂದ ಆರಂಭಿಸಿ ಘಟನೆಗಳತ್ತ ಬರುತ್ತವೆ. ಶೀತಲ ಸಮರವನ್ನು ವಿವರಿಸಬೇಕಾದ ಬರವಣಿಗೆ ಅದರ ಒಂದು ಪಕ್ಷದ ಭಾಷೆಯನ್ನೇ ತನ್ನ ವಿವರಣೆಯ ಭಾಷೆಯಾಗಿ ಮಾಡಿಕೊಂಡದ್ದು ಈ ಶಾಖೆಯ ದೊಡ್ಡ ದೌರ್ಬಲ್ಯ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಎರಡು ಪಠ್ಯಗಳ ವಿನ್ಯಾಸ ಒಂದೇ ಎಂದರೆ ಎರಡು ವ್ಯವಸ್ಥೆಗಳ ಕೃತ್ಯಗಳೂ ಒಂದೇ ತೂಕದವು ಎಂದಾಗುವುದಿಲ್ಲ. 1947ರ ಜನವರಿ 19ರ ಪೋಲಿಷ್ ಚುನಾವಣೆ, 1948ರ ಫೆಬ್ರುವರಿಯ ಪ್ರಾಗ್ ಅಧಿಕಾರಗ್ರಹಣಗಳಲ್ಲಿ ನಡೆದ ಬಲಪ್ರಯೋಗವನ್ನು ಯಾವ ಸಮತೋಲನದ ಹೆಸರಿನಲ್ಲೂ ಮರೆಸಲಾಗದು. ಪಶ್ಚಿಮ ಯುರೋಪಿನ ಸರ್ಕಾರಗಳು ಅಮೆರಿಕದ ಸನ್ನಿಧಿಯನ್ನು ತಾವೇ ಆಹ್ವಾನಿಸಿದವು ಎಂದು ನಾರ್ವೆಯ ಇತಿಹಾಸಕಾರ ಗೈರ್ ಲುಂಡೆಸ್ಟಾಡ್ 1986ರಲ್ಲಿ ಮಂಡಿಸಿದ ವಾದವೂ ಗಟ್ಟಿಯಾದುದು. ಕೃತ್ಯಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ಅಳೆಯಬೇಕಾದರೂ, ಅವುಗಳನ್ನು ಸ್ವಭಾವವೆಂಬ ಪೂರ್ವನಿಶ್ಚಿತ ಚೌಕಟ್ಟಿನಿಂದ ಮೊದಲು ಬಿಡಿಸಿಕೊಳ್ಳಬೇಕಾಗುತ್ತದೆ ಎಂಬುದಷ್ಟೇ ಇಲ್ಲಿನ ವಾದ.

6. ಮೂವರು ಇಬ್ಬರಾದದ್ದು

ಫಾಕ್ಸ್ ಎಣಿಸಿದ ಮೂರು ಮಹಾಶಕ್ತಿಗಳಲ್ಲಿ ಒಂದು 1947ರ ಫೆಬ್ರುವರಿಯಲ್ಲಿ ಹಿಂದೆ ಸರಿಯಿತು. ಆ ತಿಂಗಳ 20ರಂದು ಪ್ರಧಾನಿ ಅಟ್ಲೀ, ಬ್ರಿಟನ್ 1948ರ ಜೂನ್ ಒಳಗೆ ಭಾರತವನ್ನು ಬಿಟ್ಟುಹೋಗುವುದೆಂದು ಪಾರ್ಲಿಮೆಂಟಿನಲ್ಲಿ ಪ್ರಕಟಿಸಿದರು. ಮರುದಿನ, ಗ್ರೀಸ್ ಮತ್ತು ಟರ್ಕಿಗೆ ಇನ್ನು ನೆರವು ನೀಡಲು ತನ್ನಿಂದಾಗದೆಂದು ಬ್ರಿಟನ್ ವಾಷಿಂಗ್ಟನ್ನಿಗೆ ತಿಳಿಸಿತು. ಭಾರತದ ಚರಿತ್ರೆಯಲ್ಲಿ ಒಂದು ದಿನಾಂಕ, ಶೀತಲ ಸಮರದ ಚರಿತ್ರೆಯಲ್ಲಿ ಇನ್ನೊಂದು ದಿನಾಂಕ ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಬರುವ ಈ ಎರಡು ಪ್ರಕಟಣೆಗಳು ಒಂದೇ ದಣಿದ ಸಾಮ್ರಾಜ್ಯದವು.

ಆ ತೆರವಿಗೆ ಅಮೆರಿಕ ಪ್ರವೇಶಿಸಿತು. ಮಾರ್ಚ್ 12ರಂದು ಟ್ರೂಮನ್ ಗ್ರೀಸ್ ಮತ್ತು ಟರ್ಕಿಗೆ 40 ಕೋಟಿ ಡಾಲರ್ ನೆರವು ಕೋರಿ, ಜಗತ್ತಿನ ಮುಂದೆ ಎರಡು ಜೀವನ ಕ್ರಮಗಳ ಆಯ್ಕೆಯಿದೆ ಎಂದು ಸಾರಿದರು. ಜೂನ್ 5ರಂದು ಮಾರ್ಷಲ್ ಯೋಜನೆಯ ಸೂಚನೆ ಬಂದಿತು. ಜುಲೈ 2ರಂದು ಮೊಲೊಟೊವ್ ಪ್ಯಾರಿಸ್ ಸಭೆಯಿಂದ ಹೊರನಡೆದರು. ಸೆಪ್ಟೆಂಬರ್‌ನಲ್ಲಿ ಕಾಮಿನ್‌ಫಾರ್ಮ್ ಸ್ಥಾಪನೆಯ ಸಭೆಯಲ್ಲಿ ಜ್ದಾನೋವ್ ಅವರೂ ಜಗತ್ತನ್ನು ಎರಡು ಪಾಳೆಯಗಳಾಗಿ ಒಡೆದರು. ತಂತಿಗಳಲ್ಲಿ ಗುಟ್ಟಾಗಿದ್ದ ಓದು ಹದಿನೆಂಟು ತಿಂಗಳಲ್ಲಿ ಬಹಿರಂಗ ನೀತಿಯಾಗಿತ್ತು. ತಮ್ಮ ವಿಚಾರಕ್ಕೆ ಸೈನಿಕ ಅರ್ಥ ಬಂದದ್ದನ್ನು ಕೆನನ್ ಅವರೇ ಮುಂದೆ ವಿರೋಧಿಸಿದ್ದು ಗಮನಾರ್ಹ. ಮಿತ್ರಕೂಟದ ಸಂದಿಗ್ಧ ಪಠ್ಯಗಳನ್ನು ಟೀಕಿಸಿದ ಲೇಖಕನ ಪಠ್ಯವೂ ಅವರು ಬಯಸದ ಅರ್ಥವನ್ನು ಪಡೆದುಕೊಂಡಿತ್ತು.

7. ಹೊರಗಿನವರ ಓದು

ಎರಡು ತಂತಿಗಳ ನಡುವಿನ ಅವಧಿಯಲ್ಲಿ, 1946ರ ಸೆಪ್ಟೆಂಬರ್ 7ರಂದು, ದೆಹಲಿಯಿಂದ ಜವಾಹರಲಾಲ್ ನೆಹರೂ ಅವರ ಬಾನುಲಿ ಭಾಷಣ ಪ್ರಸಾರವಾಯಿತು. ಪರಸ್ಪರ ಎದುರಾಗಿ ನಿಂತ ಬಣಗಳ ಅಧಿಕಾರ ರಾಜಕಾರಣದಿಂದ ಭಾರತ ಆದಷ್ಟು ದೂರವಿರುವುದೆಂದು ಮಧ್ಯಂತರ ಸರ್ಕಾರದ ಪರವಾಗಿ ಅವರು ಹೇಳಿದರು. ಅಟ್ಲಾಂಟಿಕ್ ಸನ್ನದಿನ ಅರ್ಥದಿಂದ ಹೊರಗಿಡಲಾದ ದೇಶವೊಂದು ಎರಡೂ ಪಕ್ಷಗಳ ಪಠ್ಯವನ್ನು ಅನುಮಾನದಿಂದ ಓದಿದ್ದು ಸಹಜವೇ ಆಗಿತ್ತು. ಇದನ್ನು ಕೌಟಿಲ್ಯನ ‘ಉದಾಸೀನ’ಕ್ಕೆ ಹೋಲಿಸುವ ರೂಢಿಯಿದೆಯಾದರೂ ಅದು ಸರಿಯಲ್ಲ. ಕೌಟಿಲ್ಯನ ಉದಾಸೀನ ಎಲ್ಲರಿಗಿಂತ ಬಲಿಷ್ಠ. ನೆಹರೂ ಮಾತನಾಡಿದ್ದು ಸೈನಿಕ ಬಲವಿಲ್ಲದ, ಇನ್ನೂ ಸ್ವತಂತ್ರವಾಗದ ದೇಶದ ಪರವಾಗಿ. ಬಲದಿಂದ ದೊರೆಯುವ ತಾಟಸ್ಥ್ಯಕ್ಕೂ ಬಲವಿಲ್ಲದೆ ಕಾಯ್ದುಕೊಳ್ಳಬೇಕಾದ ತಾಟಸ್ಥ್ಯಕ್ಕೂ ನೈತಿಕ ಭಾರ ಬೇರೆ.

ಆ ಭಾರ ಎಂಥದೆಂಬುದಕ್ಕೆ ಕೊರಿಯ ಸಾಕ್ಷಿ. 1945ರ ಆಗಸ್ಟ್‌ನಲ್ಲಿ ಜಪಾನಿನ ಶರಣಾಗತಿಯನ್ನು ಯಾರು ಎಲ್ಲಿ ಸ್ವೀಕರಿಸಬೇಕೆಂಬ ತಾತ್ಕಾಲಿಕ ವ್ಯವಸ್ಥೆಗಾಗಿ ಇಬ್ಬರು ಅಮೆರಿಕನ್ ಕರ್ನಲ್‌ಗಳು ಒಂದು ರಾತ್ರಿ ನಕ್ಷೆಯನ್ನು ನೋಡಿ 38ನೆಯ ಅಕ್ಷಾಂಶವನ್ನು ಸೂಚಿಸಿದರು. ಸೋವಿಯತ್ ಒಕ್ಕೂಟ ತಕರಾರಿಲ್ಲದೆ ಒಪ್ಪಿತು. ಮಿತ್ರರ ನಡುವೆ ಎಳೆದ ಆ ಗೆರೆ 1948ರ ಹೊತ್ತಿಗೆ ಎರಡು ರಾಷ್ಟ್ರಗಳ ಗಡಿಯಾಗಿ, 1950ರ ಜೂನ್ 25ರಂದು ಯುದ್ಧದ ಗೆರೆಯಾಯಿತು. ಯಾವ ಕೊರಿಯನ್ನನನ್ನೂ ಆ ರಾತ್ರಿ ಕೇಳಿರಲಿಲ್ಲ. 1953ರಲ್ಲಿ ಕದನವಿರಾಮವಾದಾಗ, ಸ್ವದೇಶಕ್ಕೆ ಮರಳಲೊಲ್ಲದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಒಂದು ಕಡೆಯ 22,000ಕ್ಕೂ ಹೆಚ್ಚು, ಇನ್ನೊಂದು ಕಡೆಯ 359 ಕೈದಿಗಳು ಭಾರತೀಯ ಸೈನಿಕರ ಕಾವಲಿಗೆ ಬಂದರು. ಆಯೋಗದ ಉಳಿದ ಸದಸ್ಯರಾದ ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಗಳು ‘ಸ್ವಇಚ್ಛೆ’ ಎಂಬ ಒಂದೇ ಪದಕ್ಕೆ ಎರಡು ಅರ್ಥ ಹಚ್ಚಿ ಎರಡಾಗಿ ನಿಂತವು. ಯಾಲ್ಟಾದಲ್ಲಿ ‘ಪ್ರಜಾಸತ್ತಾತ್ಮಕ’ ಎಂಬ ಪದಕ್ಕೆ ಒದಗಿದ್ದ ಗತಿಯೇ ಇದು. ಆದರೆ ಇಲ್ಲಿ ಆ ಪದದ ಅರ್ಥದ ಮೇಲೆ ಪ್ರತಿಯೊಬ್ಬ ಕೈದಿಯ ಮುಂದಿನ ಬದುಕು ನಿಂತಿತ್ತು.

ಶೀತಲ ಸಮರವನ್ನು ಯುರೋಪಿನ ಹೊರಗಿನಿಂದ ನೋಡುವ ಬರವಣಿಗೆಗೆ 2005ರಲ್ಲಿ ಬಂದ ಆಡ್ ಆರ್ನೆ ವೆಸ್ಟಾಡ್ ಅವರ ‘ದ ಗ್ಲೋಬಲ್ ಕೋಲ್ಡ್ ವಾರ್’ ಬಲ ತಂದುಕೊಟ್ಟಿದೆ. ಆದರೂ ಉಗಮದ ಪ್ರಶ್ನೆಯಲ್ಲಿ ಏಷ್ಯಾದ ದೇಶಗಳು ಇಂದಿಗೂ ಬಹುಮಟ್ಟಿಗೆ ಪರಿಣಾಮವನ್ನು ಅನುಭವಿಸಿದವರಾಗಿ ಬರುತ್ತವೆಯೇ ಹೊರತು ಪಠ್ಯಗಳನ್ನು ಓದಿದವರಾಗಿ ಬರುವುದಿಲ್ಲ. ದೆಹಲಿ, ಸೋಲ್, ಜಕಾರ್ತಾಗಳಲ್ಲಿ ಈ ಸನ್ನದುಗಳನ್ನು ಹೇಗೆ ಓದಲಾಯಿತು ಎಂಬ ಅಧ್ಯಯನ ಭಾರತೀಯ ಭಾಷೆಗಳಲ್ಲಿ ನಡೆಯಬೇಕಾಗಿದೆ. ಆ ಕಾಲದ ಕನ್ನಡ ಪತ್ರಿಕೆಗಳ ಸಂಪುಟಗಳೂ ಅದಕ್ಕೆ ಆಕರವಾಗಬಲ್ಲವು.

8. ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ಮಹಾಯುದ್ಧದ ಮಿತ್ರರು ಮಹಾವೈರಿಗಳಾದದ್ದನ್ನು ಗೆಲುವಿನ ನಂತರ ಆರಂಭವಾದ ಹೊಸ ಕಥೆಯೆಂದು ಓದುವುದು ಅಪೂರ್ಣ. ಮಂಡಲ ಸಿದ್ಧಾಂತ ತೋರಿಸುವಂತೆ ಶತ್ರುವಿನ ನಾಶ ಮಿತ್ರರನ್ನು ಮುಖಾಮುಖಿಯಾಗಿಸಿತು. ಆದರೆ ಮುಖಾಮುಖಿಯಾದವರ ಕೈಯಲ್ಲಿ ಎರಡು ಅರ್ಥಗಳ ಒಪ್ಪಂದಗಳಿದ್ದವು. ಯುದ್ಧ ನಡೆಯುವವರೆಗೆ ಆ ದ್ವಂದ್ವಾರ್ಥ ಮೈತ್ರಿಯನ್ನು ಉಳಿಸಿತು. ಯುದ್ಧ ಮುಗಿದ ಮೇಲೆ ಅದೇ ವಚನಭಂಗದ ಆರೋಪಕ್ಕೆ ಆಧಾರವಾಯಿತು. ವಚನಭಂಗದ ಆರೋಪ ಸ್ವಭಾವದ ಸಿದ್ಧಾಂತವಾಗಿ ಬೆಳೆದಾಗ ಮಾತುಕತೆಯ ಬಾಗಿಲು ಮುಚ್ಚಿತು. ಚರಿತ್ರೆ ಬರವಣಿಗೆ ಬಹುಕಾಲ ಆ ಮುಚ್ಚಿದ ಬಾಗಿಲಿನ ಒಂದಿಲ್ಲೊಂದು ಬದಿಯಲ್ಲಿ ನಿಂತು ವಾದಿಸಿತು.

ಸಂದಿಗ್ಧತೆಯಿಲ್ಲದ ಒಪ್ಪಂದವನ್ನು 1941ರಲ್ಲಿ ಬರೆಯಬಹುದಿತ್ತೇ ಎಂದು ಕೇಳಬಹುದು. ಹಾಗೆ ಬರೆದಿದ್ದರೆ ಬಹುಶಃ ಮಿತ್ರಕೂಟವೇ ಇರುತ್ತಿರಲಿಲ್ಲ. ಹಿಟ್ಲರನ ಸೋಲು ಇನ್ನೂ ದೂರ ಸರಿಯುತ್ತಿತ್ತು. ಆದ್ದರಿಂದ ಆ ಶ್ಲೇಷೆಯನ್ನು ನಾಯಕರ ಕಪಟವೆಂದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲ. ಅದಕ್ಕೆ ಬೆಲೆ ತೆತ್ತವರು ಮಾತ್ರ ಒಪ್ಪಂದದ ಮೇಜಿನ ಬಳಿ ಇರಲಿಲ್ಲ. ವಾರ್ಸಾ, ಪ್ರಾಗ್ ಮತ್ತು ಕೊರಿಯದ ಜನ ಆ ಪಠ್ಯಗಳಲ್ಲಿ ವಿಷಯವಾಗಿದ್ದರೇ ಹೊರತು ಓದುಗರಾಗಿರಲಿಲ್ಲ. ಅವರನ್ನು ಓದುಗರ ಸ್ಥಾನಕ್ಕೆ ತಂದು, ಅವರ ಓದಿನಿಂದ ಆ ಒಪ್ಪಂದಗಳ ಚರಿತ್ರೆಯನ್ನು ಮತ್ತೆ ಬರೆಯುವುದು ಈ ಕ್ಷೇತ್ರದ ಸಂಶೋಧಕರ ಮುಂದಿರುವ ಕೆಲಸ.